ಮಸಿಬಟ್ಟೆಯಿಂದ ಮೊಳಕೆಚೀಲದವರೆಗೆ: ಹಳೆಯ ಬಟ್ಟೆಯಲ್ಲಿ ಅಡುಗೆಮನೆಯ ಹೊಲಿಗೆ

(ಮಹಿಳಾ ಸಮಾಜವೊಂದರ ತಿಂಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.)

ಹಿರಿಯರೇ, ಸಹೋದರಿಯರೇ, ಹಿಂದಿನ ಸಾಲಿನಲ್ಲಿ ಸಂಕೋಚದಿಂದ ಕುಳಿತಿರುವ ನಾಲ್ಕೈದು ಮಂದಿ ಸಹೋದರರೇ,

ಇಂದು ನಿಮ್ಮ ಮುಂದೆ ನಾನು ಮೊದಲು ಇಡುತ್ತಿರುವ ವಸ್ತು ನೋಡಲು ಚೆಂದವಾದದ್ದಲ್ಲ. ಇದು ನಮ್ಮ ಮನೆಯ ಮಸಿಬಟ್ಟೆ. ಉತ್ತರ ಕರ್ನಾಟಕದವರ ಬಾಯಲ್ಲಿ ಮಸಿ ಅರಿವೆ. ಸೌದೆ ಒಲೆಯ ಕಾಲದಲ್ಲಿ ಪಾತ್ರೆಗೆ ಮೆತ್ತಿದ ಮಸಿ ಕೈಗೆ ಹತ್ತದಂತೆ ನೋಡಿಕೊಳ್ಳುವುದು ಇದರ ಅರ್ಧ ಕೆಲಸವಾಗಿತ್ತು, ಬಿಸಿ ತಾಗದಂತೆ ನೋಡಿಕೊಳ್ಳುವುದು ಇನ್ನರ್ಧ. ಗ್ಯಾಸ್ ಒಲೆ ಬಂದ ಮೇಲೆ ಮಸಿ ಹೋಯಿತು, ಹೆಸರು ಮಾತ್ರ ಉಳಿಯಿತು. ಬಹುತೇಕ ಮನೆಗಳಲ್ಲಿ ಇದಕ್ಕೆ ಒಂದು ರೂಪವೂ ಇರುವುದಿಲ್ಲ. ಹರಿದ ಬನಿಯನ್ನೋ ಹಳೆಯ ಲಂಗದ ತುಂಡೋ ಒಲೆಯ ಪಕ್ಕದಲ್ಲಿ ಮುದ್ದೆಯಾಗಿ ಬಿದ್ದಿರುತ್ತದೆ; ಅದರಲ್ಲೇ ಪಾತ್ರೆ ಇಳಿಸುತ್ತೇವೆ, ಕಟ್ಟೆ ಒರೆಸುತ್ತೇವೆ, ಅವಸರದಲ್ಲಿ ಕೈಯನ್ನೂ ಒರೆಸಿಕೊಳ್ಳುತ್ತೇವೆ. ಮೂರು ಕೆಲಸಕ್ಕೆ ಮೂರು ಬಗೆಯ ಬಟ್ಟೆ ಬೇಕು ಎನ್ನುವುದೂ, ಆ ಮೂರೂ ನಮ್ಮ ಬೀರುವಿನ ತಳದಲ್ಲಿ ಈಗಾಗಲೇ ಇವೆ ಎನ್ನುವುದೂ ನಾನು ಇಂದು ಹೇಳಬೇಕೆಂದುಕೊಂಡಿರುವ ವಿಷಯ.

ಮೊದಲು ಬಿಸಿಯ ವಿಚಾರ. ಬಟ್ಟೆ ಬಿಸಿಯನ್ನು ತಡೆಯುತ್ತದೆ ಎಂದು ನಾವು ಹೇಳುತ್ತೇವಾದರೂ ನಿಜವಾಗಿ ತಡೆಯುವುದು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡಿರುವ ಗಾಳಿ. ಟರ್ಕಿ ಟವೆಲಿನ ಮೈಮೇಲಿರುವ ಸಣ್ಣ ಸಣ್ಣ ಕುಣಿಕೆಗಳು ಗಾಳಿಯನ್ನು ಹೆಚ್ಚು ಹಿಡಿಯುವುದರಿಂದ ಅದೇ ತೂಕದ ಚಪ್ಪಟೆ ಬಟ್ಟೆಗಿಂತ ಟವೆಲು ಕೈಯನ್ನು ಹೆಚ್ಚು ಹೊತ್ತು ಕಾಯುತ್ತದೆ. ಆದರೆ ಅದೇ ಟವೆಲು ಒದ್ದೆಯಾದರೆ ಗಾಳಿಯ ಜಾಗದಲ್ಲಿ ನೀರು ಸೇರಿಕೊಳ್ಳುತ್ತದೆ, ಮತ್ತು ನೀರು ನಿಂತ ಗಾಳಿಗಿಂತ ಸುಮಾರು 20 ಪಟ್ಟಿಗೂ ಹೆಚ್ಚು ಬಿಸಿಯನ್ನು ಸಾಗಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯಬೇಡಿ ಎಂದು ನಮ್ಮ ಅಜ್ಜಿಯಂದಿರು ಗದರಿಸುತ್ತಿದ್ದುದರ ಹಿಂದೆ ಇದ್ದ ಕಾರಣ ಇಷ್ಟೇ.

ಈ ಪಾಠವನ್ನು ನಾನು ಕಲಿತದ್ದು ಅನ್ನ ಬಸಿಯುವಾಗ. ತಪ್ಪಲೆಯ ಬಾಯಿಗೆ ತಟ್ಟೆ ಮುಚ್ಚಿ, ಎರಡೂ ಕಡೆ ಬಟ್ಟೆ ಹಿಡಿದು ಪಾತ್ರೆಯನ್ನು ಬಾಗಿಸಿದಾಗ ಗಂಜಿ ಒಂದು ಅಂಚಿನಿಂದ ಇಳಿಯುತ್ತದೆಯಷ್ಟೆ. ಅಂದು ನಾನು ಹಿಡಿದಿದ್ದುದು ಉದ್ದನೆಯ ತೆಳು ಬಟ್ಟೆ. ಅದರ ಜೋತುಬಿದ್ದ ತುದಿ ಗಂಜಿಯಲ್ಲಿ ಅದ್ದಿತು. ಗಂಜಿ ಬಟ್ಟೆಯನ್ನು ಹತ್ತಿಕೊಂಡು ಮೇಲೇರಿ ಹೆಬ್ಬೆರಳನ್ನು ಮುಟ್ಟುವುದಕ್ಕೆ ಎರಡು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಕೈಬಿಟ್ಟರೆ ಅನ್ನವೆಲ್ಲ ಬಚ್ಚಲಿಗೆ, ಬಿಡದಿದ್ದರೆ ಬೆರಳು ಸುಡುತ್ತದೆ. ಅನ್ನ ಉಳಿಯಿತು, ಹೆಬ್ಬೆರಳಿನ ಮೇಲೆ ಗುರುತೂ ಉಳಿದಿದೆ. ಅಂದಿನಿಂದ ನನ್ನ ಮಸಿಬಟ್ಟೆಗಳಿಗೆ ಜೋಲುವ ತುದಿಗಳಿಲ್ಲ. ಅವು ಅಂಗೈಗಿಂತ ತುಸು ದೊಡ್ಡದಾದ ಚೌಕಗಳು.

ಎರಡನೆಯ ಪಾಠ ಅಂಗಡಿಯಿಂದ ಕೊಂಡು ತಂದ ಜೋಡಿಯದು. ಮೇಲೆ ಹೂವಿನ ಚಿತ್ರ, ಒಳಗೆ ಮೆತ್ತನೆಯ ತುಂಬು, ಮುಟ್ಟಿದರೆ ನಯ. ಒಮ್ಮೆ ಕಾದ ಕಾವಲಿಯ ಅಂಚನ್ನು ಅದರಲ್ಲಿ ಹಿಡಿದು ಬಿಟ್ಟಾಗ ಕಾವಲಿಯ ಮೇಲೆ ಒಂದು ಹೂವಿನ ಅರ್ಧ ಅಂಟಿಕೊಂಡು ಉಳಿದಿತ್ತು. ಅದು ಪಾಲಿಯೆಸ್ಟರ್. ಕುಕ್ಕರಿನ ಒಳಗಿನ ಶಾಖ ಸುಮಾರು 120 ಡಿಗ್ರಿ ಸೆಲ್ಸಿಯಸ್ ಮಾತ್ರ ಆಗಿರುವುದರಿಂದ ಕುಕ್ಕರು ಇಳಿಸುವಾಗ ಇದರ ಗುಟ್ಟು ಹೊರಬೀಳುವುದಿಲ್ಲ. ಪಾಲಿಯೆಸ್ಟರ್ ಕರಗುವುದು 250 ಡಿಗ್ರಿಯ ಆಸುಪಾಸಿನಲ್ಲಿ, ಬರಿ ಕಾವಲಿ ದೊಡ್ಡ ಉರಿಯ ಮೇಲೆ ಆ ಶಾಖವನ್ನು ಸುಲಭವಾಗಿ ಮುಟ್ಟುತ್ತದೆ. ಹತ್ತಿಯಾದರೋ ಕರಗುವುದೇ ಇಲ್ಲ. ಅತಿಯಾದರೆ ಕಂದುಗಟ್ಟುತ್ತದೆ, ಕರಿಕಾಗುತ್ತದೆ, ವಾಸನೆ ಕೊಟ್ಟು ಎಚ್ಚರಿಸುತ್ತದೆ. ಕರಗಿ ಚರ್ಮಕ್ಕೆ ಅಂಟುವ ಅಪಾಯ ಅದರಲ್ಲಿಲ್ಲ.

ಹಾಗಾಗಿ ಹಳೆಯ ಬಟ್ಟೆಯನ್ನು ಕತ್ತರಿಗೆ ಕೊಡುವ ಮೊದಲು ಅದು ಶುದ್ಧ ಹತ್ತಿಯೇ ಎಂದು ತಿಳಿಯಬೇಕು. ಒಳಮಡಿಕೆಯಿಂದ ನಾಲ್ಕಾರು ಎಳೆ ಹಿರಿದು, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಿ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು, ಬೆರಳಿನಲ್ಲಿ ಹೊಸಕಿದರೆ ಹುಡಿಯಾಗುವ ಬೂದಿ ಉಳಿದರೆ ಹತ್ತಿ. ಎಳೆ ಮುದುಡಿಕೊಂಡು, ಆರಿದ ಮೇಲೆ ಗಟ್ಟಿ ಮಣಿಯಂತೆ ಉಳಿದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಇಲ್ಲವೆ ಉಣ್ಣೆ. ಬೂದಿಯೂ ಇದೆ, ಮಣಿಯೂ ಇದೆ ಎಂದರೆ ಬೆರಕೆ. ನಮ್ಮ ಮನೆಗಳ ಟೆರಿಕಾಟ್ ಅಂಗಿಗಳೆಲ್ಲ ಈ ಜಾತಿ. ಸುಡುವುದಕ್ಕೆ ಅಂಜುವವರು ಒಂದು ಹನಿ ನೀರು ಹಾಕಿ ನೋಡಬಹುದು. ತೊಳೆದು ತೊಳೆದು ಹಳತಾದ ಹತ್ತಿ ಹನಿಯನ್ನು ಬಿದ್ದಲ್ಲಿಯೇ ಕುಡಿದುಬಿಡುತ್ತದೆ, ಪಾಲಿಯೆಸ್ಟರಿನ ಮೇಲೆ ಹನಿ ತುಸು ಹೊತ್ತು ಗುಂಡಗೆ ಕೂರುತ್ತದೆ. ಸಾಧಾರಣ ಹವೆಯಲ್ಲಿ ಬರಿ ಗಾಳಿಯ ತೇವದಿಂದಲೇ ಹತ್ತಿ ತನ್ನ ತೂಕದ ಶೇ. 8ರಷ್ಟು ನೀರನ್ನು ಹಿಡಿದಿರುತ್ತದೆ, ಪಾಲಿಯೆಸ್ಟರ್ ಶೇ. ಅರ್ಧವನ್ನೂ ಹಿಡಿಯದು. ಪಾತ್ರೆ ಒರೆಸುವ ಬಟ್ಟೆ ನೀರನ್ನು ಒರೆಸದೆ ಪಾತ್ರೆಯ ಮೇಲೆಲ್ಲ ಸವರುತ್ತಿದೆ ಎಂದು ದೂರುವವರು ಅದರ ಒಂದೆಳೆಯನ್ನು ಸುಟ್ಟು ನೋಡಿದರೆ ಉತ್ತರ ಸಿಗುತ್ತದೆ.

ಹೊಸ ಬಟ್ಟೆಯೇ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಹೊಸದರಲ್ಲಿ ನೇಯ್ಗೆಯ ಗಂಜಿ ಇರುತ್ತದೆ, ಅದು ನೀರನ್ನು ದೂರವಿಡುತ್ತದೆ. ಮೊದಲ ಒಗೆತಗಳಲ್ಲಿ ಗಜಕ್ಕೆ ಒಂದೆರಡು ಅಂಗುಲ ಕುಗ್ಗುವುದೂ ಉಂಟು, ಹಾಗೆ ಕುಗ್ಗಿದಾಗ ಹೊಲಿದ ಚೌಕ ಸೊಟ್ಟಗಾಗುತ್ತದೆ. ನೂರಾರು ಸಲ ಒಗೆದ ಪಂಚೆ ಕುಗ್ಗುವಷ್ಟು ಕುಗ್ಗಿ, ಬಿಡುವಷ್ಟು ಬಣ್ಣ ಬಿಟ್ಟು, ಮೆತ್ತಗಾಗಿ ಕೈಗೆ ಬರುತ್ತದೆ. ಅಡುಗೆಮನೆಯ ಮಟ್ಟಿಗೆ ಹಳೆಯದು ಎನ್ನುವುದು ಬಟ್ಟೆಯ ಗುಣ, ಬಡತನದ ಗುರುತಲ್ಲ.

ಆದರೆ ಹಳೆಯ ಬಟ್ಟೆಯಲ್ಲಿ ಎಲ್ಲ ಜಾಗವೂ ಒಂದೇ ಅಲ್ಲ. ಇದನ್ನು ತುಸು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೊಲಿಗೆ ಕಲಿಸುವಾಗ ಅಳತೆ, ಕತ್ತರಿ, ಮಷೀನು ಎಲ್ಲವನ್ನೂ ಹೇಳಿಕೊಡುವ ನಾವು ಬಟ್ಟೆಯ ಸವೆತವನ್ನು ಓದುವುದನ್ನು ಮಾತ್ರ ಹೇಳಿಕೊಡುವುದಿಲ್ಲ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಾಸಿಗೆಯ ಮೇಲ್ಹಾಸು ನಡುವಿನಲ್ಲಿ ಸವೆದಿರುತ್ತದೆ, ಮಲಗಿದವರ ಬೆನ್ನೂ ಹಿಮ್ಮಡಿಯೂ ಉಜ್ಜಿದ ಕಡೆ ಬೆಳಕು ಜರಡಿಯಂತೆ ಬರುತ್ತದೆ. ಎರಡೂ ಬದಿಯ ಅಂಚುಗಳು ಹಾಸಿಗೆಯ ಕೆಳಗೆ ಸಿಕ್ಕಿಸಿಟ್ಟು ಸುಖವಾಗಿದ್ದವು, ಹೊಸದರಂತೆಯೇ ಇರುತ್ತವೆ. ಸೀರೆ ಕೆಳ ಅಂಚಿನಲ್ಲಿ, ಅದರಲ್ಲೂ ಹಿಮ್ಮಡಿ ತಾಗುವ ಕಡೆ ಹರಿದಿರುತ್ತದೆ. ಒಳಗೆ ಸುತ್ತಿ ಸಿಕ್ಕಿಸುವ ಮೊದಲ ಸುತ್ತಿನ ಮೇಲ್ಭಾಗ ಗಟ್ಟಿ. ಅಂಗಿ ಕೊರಳಪಟ್ಟಿಯಲ್ಲೂ ಮೊಣಕೈಯಲ್ಲೂ ಸೋಲುತ್ತದೆ, ಬೆನ್ನು ಉಳಿಯುತ್ತದೆ. ಪ್ಯಾಂಟು ಕೂರುವ ಕಡೆ ಮತ್ತು ಮೊಣಕಾಲಿನಲ್ಲಿ ತೆಳುವಾದರೂ ಮೊಣಕಾಲಿನ ಕೆಳಗಿನ ಒಂದಡಿಗೆ ಏನೂ ಆಗಿರುವುದಿಲ್ಲ. ಟವೆಲು ನಡುವಿನಲ್ಲಿ ಬೋಳು, ಎರಡು ತುದಿಗಳಲ್ಲಿ ದಟ್ಟ. ತೆಳುವಾದ ಜಾಗವನ್ನೂ ಎಸೆಯಬೇಕಾಗಿಲ್ಲ. ಗಟ್ಟಿ ಭಾಗ ಮೇಲ್ಹೊದಿಕೆಗೆ, ತೆಳು ಭಾಗ ಒಳತುಂಬಿಗೆ ಎಂದು ಹಂಚಿದರಾಯಿತು. ನಮ್ಮ ಕೌದಿ ಹೊಲಿಯುವ ಹೆಂಗಸರಿಗೆ ಈ ಲೆಕ್ಕ ಬೆರಳ ತುದಿಯಲ್ಲಿರುತ್ತದೆ; ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸುವಾಗ ಜಾಳಾದದ್ದನ್ನು ಒಳಗೆ ಹಾಕಿ ಗಟ್ಟಿಯಾದದ್ದನ್ನು ಮೇಲೆ ತರುತ್ತಾರೆ.

ಈಗ ಮಸಿಬಟ್ಟೆಯನ್ನು ಹೊಲಿಯೋಣ. ನಮ್ಮ ಅಡುಗೆಮನೆಗೆ ಬೇಕಾದದ್ದು ಓವನ್ನಿನವರ ದಪ್ಪ ಕೈಗವಸಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಅಗಲ ಟ್ರೇಯನ್ನು ಅಂಗೈಯಲ್ಲಿ ಹೊರುತ್ತಾರೆ. ನಾವು ಹಿಡಿಯಿಲ್ಲದ ತಪ್ಪಲೆಯ ಕಂಠವನ್ನು ಹೆಬ್ಬೆರಳು ಮತ್ತು ನಾಲ್ಕು ಬೆರಳುಗಳ ನಡುವೆ ಅಮುಕಿ ಹಿಡಿಯುತ್ತೇವೆ. ಬಟ್ಟೆ ಕಂಠದ ಮೇಲೆ ಮಡಿಸಿಕೊಳ್ಳದಿದ್ದರೆ ಪಾತ್ರೆ ಜಾರುತ್ತದೆ. ಆದ್ದರಿಂದ ಬಿಸಿ ತಡೆಯುವಷ್ಟು ದಪ್ಪ, ಬೆರಳು ಬಾಗುವಷ್ಟು ಮೆದು, ಈ ಎರಡರ ನಡುವಿನ ಹದ ಬೇಕು. ಹಲವು ಸಲ ಮಾಡಿ ಬಿಚ್ಚಿದ ಮೇಲೆ ನನಗೆ ಒಗ್ಗಿದ ಹದ ಹೀಗಿದೆ: ಮೇಲ್ಹಾಸಿನ ಅಂಚಿನಿಂದ 9 ಅಂಗುಲದ ಎರಡು ಚೌಕಗಳು, ಹಳೆಯ ಟರ್ಕಿ ಟವೆಲಿನಿಂದ 8 ಅಂಗುಲದ ಎರಡು ಚೌಕಗಳು, ಕುಣಿಕೆಗೆ 5 ಅಂಗುಲದ ಒಂದು ಪಟ್ಟಿ.

ಮೇಲ್ಹಾಸಿನ ಎರಡು ಚೌಕಗಳ ಸರಿಮೈಗಳು ಒಳಮುಖವಾಗಿರುವಂತೆ ಒಂದರ ಮೇಲೊಂದು ಇಡಿ. ಪಟ್ಟಿಯನ್ನು ಎರಡಾಗಿ ಮಡಿಸಿ, ಕುಣಿಕೆ ಒಳಗೂ ತುದಿಗಳು ಹೊರಗೂ ಇರುವಂತೆ ಒಂದು ಮೂಲೆಯಲ್ಲಿ ಎರಡು ಬಟ್ಟೆಗಳ ನಡುವೆ ಸಿಕ್ಕಿಸಿ. ಆ ಮೂಲೆ ಹೊಲಿಗೆ ಬೀಳುವ ಬದಿಗಳದ್ದಾಗಿರಲಿ. ಅರ್ಧ ಅಂಗುಲ ಮಾರ್ಜಿನ್ ಬಿಟ್ಟು ಮೂರು ಬದಿ ಹೊಲಿಯಿರಿ, ನಾಲ್ಕನೆಯದನ್ನು ತೆರೆದಿಡಿ. ಮೂಲೆಗಳ ಹೆಚ್ಚುವರಿ ಬಟ್ಟೆಯನ್ನು ಹೊಲಿಗೆಗೆ ತಾಗದಂತೆ ಓರೆಯಾಗಿ ಕತ್ತರಿಸಿ, ಚೀಲವನ್ನು ಮಗುಚಿ, ಮೂಲೆಗಳನ್ನು ಹೆಣಿಗೆಕಡ್ಡಿಯಿಂದಲೋ ಮೊಂಡು ಪೆನ್ಸಿಲಿನಿಂದಲೋ ಮೆಲ್ಲಗೆ ತಳ್ಳಿ ಹೊರತನ್ನಿ. ಕತ್ತರಿಯ ಮೊನೆಯಿಂದ ತಳ್ಳಿದವರು ಮೂಲೆಗೆ ತೂತು ಮಾಡಿಕೊಂಡು ಮತ್ತೆ ನನ್ನ ಹತ್ತಿರವೇ ಬಂದಿದ್ದಾರೆ. ಒಳಗೆ ಟವೆಲಿನ ಎರಡು ಚೌಕಗಳನ್ನು ಸುಕ್ಕಿಲ್ಲದಂತೆ ಹಾಸಿ. ಅವು ಸರಿಯಾಗಿ 8 ಅಂಗುಲ ಇರುವುದರಿಂದ ಮಾರ್ಜಿನ್ನಿಗೆ ಸಿಕ್ಕಿಕೊಳ್ಳುವುದಿಲ್ಲ, ಅಂಚು ದಪ್ಪವಾಗಿ ಮಷೀನಿನ ಸೂಜಿ ಮುರಿಯುವುದಿಲ್ಲ. ತೆರೆದ ಬದಿಯ ಅಂಚುಗಳನ್ನು ಒಳಮಡಿಸಿ, ಸುತ್ತಲೂ ಅಂಚಿಗೆ ಹತ್ತಿರವಾಗಿ ಒಂದು ಸುತ್ತು ಹೊಲಿಯಿರಿ.

ಇನ್ನು ಉಳಿದಿರುವುದು ಪದರಗಳನ್ನು ಒಂದಕ್ಕೊಂದು ಕಟ್ಟುವ ಅಡ್ಡಗೆರೆಗಳು. ಇಲ್ಲಿ ಚೆಂದದ ಆಸೆಗೆ ಬಿದ್ದು ಅರ್ಧ ಅರ್ಧ ಅಂಗುಲಕ್ಕೆ ಗೆರೆ ಎಳೆಯಬೇಡಿ. ಪ್ರತಿಯೊಂದು ಹೊಲಿಗೆಯ ಗೆರೆಯೂ ಪದರಗಳನ್ನು ಅಮುಕಿ ಗಾಳಿಯನ್ನು ಹೊರದೂಡುತ್ತದೆ, ಆ ಗೆರೆಯಲ್ಲಿಯೇ ಬಿಸಿ ಬೇಗ ಇಳಿದು ಬರುತ್ತದೆ. ಎರಡಂಗುಲಕ್ಕೆ ಒಂದರಂತೆ ಓರೆಗೆರೆಗಳು ಸಾಕು. ಮಷೀನಾದರೆ 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆಯನ್ನು ಉದ್ದಕ್ಕೆ ಇಟ್ಟುಕೊಳ್ಳಿ. ಕೈಹೊಲಿಗೆಯಾದರೆ ಕೌದಿಗೆ ಹಾಕುವಂತೆ ಒಂದೇ ಓಟದ ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ ಹೋಗಿ, ನಡುಬೆರಳಿಗೆ ಅಂಗುಸ್ತಾನ ಇರಲಿ. ದಾರವೂ ಹತ್ತಿಯದೇ ಆಗಿರಲಿ. ಬಟ್ಟೆ ಹತ್ತಿಯದಾಗಿ ದಾರ ಪಾಲಿಯೆಸ್ಟರಿನದಾದರೆ ಕಾವಲಿ ತಾಗಿದ ದಿನ ಬಟ್ಟೆ ಉಳಿದು ಹೊಲಿಗೆ ಮಾಯವಾಗುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅವರು ಹೊದಿಕೆಯ ಹೊರ ಅಂಚಿನಿಂದ ಆರಂಭಿಸಿ, ತುಂಡುಗಳನ್ನು ಜೋಡಿಸುತ್ತಾ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ತುಂಡಿನ ಹೂವು ಇಡುತ್ತಾರೆ. ಕೈಯಲ್ಲಿ ಹೊಲಿಯುವವರಿಗೆ ನಮ್ಮ ಎಂಟಂಗುಲದ ಚೌಕಕ್ಕೂ ಈ ಕ್ರಮ ಹೊಂದುತ್ತದೆ. ಮೊದಲು ಸುತ್ತಲಿನ ಅಂಚು ಭದ್ರವಾಗಿರುವುದರಿಂದ ಒಳಗಿನ ಟವೆಲು ಆಚೀಚೆ ಸರಿಯುವುದಿಲ್ಲ, ಮಾರ್ಕಿಂಗ್ ಚಾಕಿನ ಗೆರೆಯೂ ಬೇಕಾಗುವುದಿಲ್ಲ. ಮೊದಲ ಸುತ್ತಿನ ಜೊತೆಗೇ ಎರಡನೆಯದು ಬರುತ್ತದೆ.

ಇಂತಹ ಎರಡನ್ನು ಒಂದು ಉದ್ದ ಪಟ್ಟಿಯಿಂದ ಜೋಡಿಸಿದರೆ ಜೋಡಿ ಅಗಲುವುದಿಲ್ಲವಲ್ಲ ಎಂದು ನಾನೂ ಒಮ್ಮೆ ಯೋಚಿಸಿ ಮಾಡಿದ್ದೆ. ನಡುವಿನ ಪಟ್ಟಿ ಪಕ್ಕದ ಉರಿಯ ಮೇಲೆ ಇಳಿಬಿದ್ದು ಕರಿಕಾದ ಮೇಲೆ ಆ ಯೋಚನೆಯನ್ನು ಬಿಟ್ಟೆ. ಬಿಡಿಬಿಡಿಯಾಗಿ ಎರಡು ಮೊಳೆಗೆ ಎರಡು ತೂಗುಹಾಕುವುದೇ ಕ್ಷೇಮ. ಲೆಕ್ಕ ಬೇಕೆನ್ನುವವರಿಗೆ ಹೇಳುತ್ತೇನೆ: 90 ಅಂಗುಲ ಅಗಲ, 100 ಅಂಗುಲ ಉದ್ದದ ಜೋಡಿ ಮಂಚದ ಮೇಲ್ಹಾಸಿನಲ್ಲಿ ನಡುವಿನದನ್ನು ಬಿಟ್ಟು ಎರಡು ಬದಿಯಿಂದ 18 ಅಂಗುಲದ ಪಟ್ಟಿಗಳನ್ನು ತೆಗೆದರೆ 9 ಅಂಗುಲದ 44 ಚೌಕಗಳು, ಅಂದರೆ 22 ಮಸಿಬಟ್ಟೆಗಳು ಬರುತ್ತವೆ. ಯಾವ ಮನೆಗೂ ಇಷ್ಟು ಬೇಡ. ನಾಲ್ಕು ಸಾಕು, ಎರಡು ಒಗೆತದಲ್ಲಿದ್ದಾಗ ಎರಡು ಒಲೆಯ ಬಳಿ.

ಇನ್ನು ಅನ್ನ ಆಹಾರವನ್ನು ನೇರವಾಗಿ ಮುಟ್ಟುವ ಬಟ್ಟೆಗಳು. ಉಟ್ಟ ಬಟ್ಟೆಯನ್ನು ಅಡುಗೆಗೆ ತರಲು ಒಪ್ಪದ ಮನೆಗಳಿವೆ, ಅವರ ಮಡಿಯ ಭಾವನೆಯೊಡನೆ ನನಗೆ ಜಗಳವಿಲ್ಲ. ಅಂಥವರು ತೆಳುವಾದ ಒಂದು ಮಲ್ಲು ಪಂಚೆಯನ್ನು ಹೊಸದಾಗಿಯೇ ತಂದು, ರಾತ್ರಿಯೆಲ್ಲ ನೆನೆಸಿ, ಎರಡು ಮೂರು ಸಲ ಒಗೆದು, ಗಂಜಿಯೆಲ್ಲ ಹೋದ ಮೇಲೆ ಇದಕ್ಕೆಂದೇ ಇಟ್ಟುಕೊಳ್ಳಲಿ. ಆದರೆ ಹಳೆಯದಿರಲಿ ಹೊಸದಿರಲಿ, ಇದಕ್ಕೆ ಬಿಳಿಯ ಬಟ್ಟೆಯೇ ಆಗಬೇಕೆಂದು ನಾನು ಹಠ ಹಿಡಿಯುತ್ತೇನೆ. ಕೆಂಪು, ಕಪ್ಪು, ಕಡುನೀಲಿ ಬಣ್ಣಗಳು ಹತ್ತು ವರ್ಷವಾದರೂ ಬಿಸಿನೀರು ಕಂಡ ಕೂಡಲೇ ಬಿಡುವುದುಂಟು. ಸಂಶಯವಿದ್ದರೆ ಬಿಳಿಯ ಚಿಂದಿಯನ್ನು ಬಿಸಿನೀರಿನಲ್ಲಿ ಅದ್ದಿ ಬಣ್ಣದ ಬಟ್ಟೆಯ ಮೇಲೆ ಒತ್ತಿ ಉಜ್ಜಿ ನೋಡಿ.

ಈ ಗುಂಪಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮೊಳಕೆಚೀಲ. ಹೆಸರುಕಾಳನ್ನೋ ಹುರುಳಿಯನ್ನೋ ಮಡಿಕೆಕಾಳನ್ನೋ ರಾತ್ರಿ ನೆನೆಸಿ, ಬೆಳಗ್ಗೆ ಬಟ್ಟೆಯಲ್ಲಿ ಗಂಟು ಕಟ್ಟುವುದು ನಮ್ಮೆಲ್ಲರ ರೂಢಿ. ಗಂಟು ಬಿಗಿಯಾದರೆ ನಡುವಿನ ಕಾಳಿಗೆ ಗಾಳಿ ಇಲ್ಲದೆ ಲೋಳೆಯಾಗುತ್ತದೆ, ಸಡಿಲವಾದರೆ ಕಾಳು ಒಣಗುತ್ತದೆ. ಚೀಲವಾದರೆ ಆ ತಕರಾರಿಲ್ಲ. 10 ಅಂಗುಲ ಅಗಲ, 14 ಅಂಗುಲ ಉದ್ದದ ಎರಡು ತುಂಡುಗಳು ಸಾಕು. ಇದರ ಹೊಲಿಗೆಯಲ್ಲಿ ಒಂದೇ ಒಂದು ಗುಟ್ಟಿದೆ: ಕತ್ತರಿಸಿದ ಅಂಚು ಒಳಗೂ ಕಾಣಬಾರದು, ಹೊರಗೂ ಕಾಣಬಾರದು, ಏಕೆಂದರೆ ಬಿಚ್ಚಿಕೊಂಡ ಎಳೆ ಮೊಳಕೆಯ ಬಾಲಕ್ಕೆ ಸುತ್ತಿಕೊಂಡರೆ ಬಿಡಿಸುವುದಕ್ಕಾಗದು, ಬಡಿಸಿದರೆ ಊಟದ ತಟ್ಟೆಯಲ್ಲಿಯೇ ಸಿಗುತ್ತದೆ. ಅದಕ್ಕಾಗಿ ಮೊದಲು ಸರಿಮೈ ಹೊರಗಿಟ್ಟುಕೊಂಡು ಕಾಲಂಗುಲದಲ್ಲಿ ಒಂದು ಹೊಲಿಗೆ ಹಾಕಿ, ಅಂಚನ್ನು ಸಣ್ಣಗೆ ಕತ್ತರಿಸಿ, ಮಗುಚಿ, ಆ ಅಂಚು ಒಳಗೆ ಅಡಗುವಂತೆ ಮತ್ತೊಂದು ಹೊಲಿಗೆ ಹಾಕಬೇಕು. ಬಾಯಿಗೆ ಲಂಗಕ್ಕೆ ಮಾಡುವ ಹಾಗೆಯೇ ಮಡಿಕೆ ಕೊಟ್ಟು ಲಾಡಿ ಪೋಣಿಸಿ. ನೆನೆದ ಕಾಳು ಚೀಲದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಾಗದಿರಲಿ, ಮೊಳಕೆ ಬಂದಂತೆ ಅದು ಉಬ್ಬಿ ಜಾಗ ಕೇಳುತ್ತದೆ. ನಲ್ಲಿಗೆ ತೂಗುಹಾಕಿ ಬೆಳಗ್ಗೆ ಸಂಜೆ ಚೀಲದ ಸಮೇತ ನೀರಿನಲ್ಲಿ ಅದ್ದಿ ತೆಗೆಯಿರಿ.

ಇದೇ ಚೀಲ ಮೊಸರನ್ನು ಕಟ್ಟಿ ತೂಗುಹಾಕಲೂ ಆಗುತ್ತದೆ. ರಾಗಿಯನ್ನು ನೆನೆಸಿ ರುಬ್ಬಿ ಹಾಲುಬಾಯಿಗೆ ಹಾಲು ಹಿಂಡುವುದಕ್ಕೆ ಮಾತ್ರ ಸಾಲದು. ಅಲ್ಲಿ ಹಿಂಡುವ ಒತ್ತಡಕ್ಕೆ ಹಳೆಯ ಮಲ್ಲು ಹಿಂಜಿಹೋಗುತ್ತದೆ. ಅದಕ್ಕೆ ಒತ್ತಾದ ನೇಯ್ಗೆಯ, ಇನ್ನೂ ಗಟ್ಟಿಯಾಗಿರುವ ಪಂಚೆಯ ತುಂಡನ್ನು ಹೊಲಿಗೆಯೇ ಇಲ್ಲದ ಚೌಕವಾಗಿ, ನಾಲ್ಕೂ ಅಂಚು ಮಡಿಸಿ ಇಟ್ಟುಕೊಳ್ಳುವುದು ಮೇಲು. ಕಾಯಿಹಾಲಿಗೂ ಅದೇ. ಇಡ್ಲಿ ತಟ್ಟೆಯ ಮೇಲೆ ಹಾಸುವ ಬಟ್ಟೆಗೆ ತಟ್ಟೆಗಿಂತ ಒಂದಂಗುಲ ದೊಡ್ಡದಾಗಿ ಕತ್ತರಿಸಿ ಕಿರಿದಾದ ಮಡಿಕೆ ಕೊಟ್ಟರೆ ಮುಗಿಯಿತು.

ಚಪಾತಿ ಡಬ್ಬಿಯ ಬಟ್ಟೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಸಿ ಚಪಾತಿಯಿಂದ ಏಳುವ ಹಬೆ ಸ್ಟೀಲಿನ ತಣ್ಣನೆಯ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಚಪಾತಿಯ ಮೇಲೆಯೇ ತೊಟ್ಟಿಕ್ಕುತ್ತದೆ, ಮೇಲಿನ ಚಪಾತಿಯೂ ತಳದ ಚಪಾತಿಯೂ ಹಸಿಹಸಿಯಾಗುತ್ತವೆ. ನಡುವೆ ಹತ್ತಿಯ ಎರಡು ಪದರವಿದ್ದರೆ ಹಬೆಯನ್ನು ಅದು ಕುಡಿಯುತ್ತದೆ, ಚಪಾತಿ ಮೆತ್ತಗೆಯೂ ಒಣಗಿಯೂ ಉಳಿಯುತ್ತದೆ. 20 ಅಂಗುಲದ ಚೌಕವಾದರೆ ತಳಕ್ಕೆ ಹಾಸಿ, ನಾಲ್ಕು ಮೂಲೆಗಳನ್ನು ಮೇಲೆ ಮಡಿಸಿ ಮುಚ್ಚಬಹುದು. ಇದಕ್ಕೆ ಹಳೆಯ ದಿಂಬಿನ ಚೀಲ ಹೇಳಿ ಮಾಡಿಸಿದಂತಿರುತ್ತದೆ, ಎರಡು ಪದರ ತಾನಾಗಿಯೇ ಸಿಗುತ್ತದೆ. ಆದರೆ ತಲೆಗೆ ಎಣ್ಣೆ ಹಚ್ಚುವವರ ದಿಂಬಿನದು ಬೇಡ, ಎಷ್ಟು ಕುದಿಸಿದರೂ ಆ ವಾಸನೆ ಬಿಸಿ ಚಪಾತಿ ಕಂಡಾಗ ಮತ್ತೆ ಎದ್ದುಬರುತ್ತದೆ.

ಹೊಲಿಗೆ ಬಾರದವರಿಗೂ ಒಂದು ಕೆಲಸವಿದೆ, ಅದು ಸಿಂಬೆ. ತಲೆಯ ಮೇಲೆ ಕೊಡ ಹೊರುವಾಗ ಇಟ್ಟುಕೊಳ್ಳುತ್ತಿದ್ದ ಬಟ್ಟೆಯ ಬಳೆಯೇ ಇದು. ಗುಂಡುತಳದ ಬಾಣಲೆ, ಮಡಕೆ ಉರುಳದಂತೆ ಕೂರಿಸುವುದಕ್ಕೂ ಬೇಕು. ಊಟದ ಮೇಜಿನ ಮೇಲೆ ಬಿಸಿ ಪಾತ್ರೆ ಇಡಲು ಬೇಕಾದರೆ ನಡುವಿನ ತೂತು ಮುಚ್ಚಿದ ಚಪ್ಪಟೆ ಸಿಂಬೆ ಮಾಡಿಕೊಳ್ಳಿ. ಹತ್ತಿಯ ಸೀರೆಯಿಂದ ನಾಲ್ಕಂಗುಲ ಅಗಲದ ಮೂರು ಪಟ್ಟಿಗಳನ್ನು ಉದ್ದಕ್ಕೆ ಹರಿಯಿರಿ. ಕತ್ತರಿಯಲ್ಲಿ ತುದಿಗೆ ಒಂದು ಕಚ್ಚು ಕೊಟ್ಟು ಎಳೆದರೆ ಹತ್ತಿ ತನ್ನ ಎಳೆಯ ಗೆರೆಯಲ್ಲಿಯೇ ನೇರವಾಗಿ ಹರಿಯುತ್ತದೆ, ಕತ್ತರಿಸಿದ್ದಕ್ಕಿಂತ ನೇರ. ಮೂರನ್ನೂ ಜಡೆ ಹೆಣೆಯಿರಿ. ಮಗಳ ತಲೆ ಬಾಚಿದವರಿಗೆ ಹೇಳಿಕೊಡಬೇಕಾಗಿಲ್ಲ. ಜಡೆಯನ್ನು ಚಕ್ಕುಲಿಯ ಹಾಗೆ ಸುತ್ತುತ್ತಾ ಒಂದು ಸುತ್ತನ್ನು ಪಕ್ಕದ ಸುತ್ತಿಗೆ ದಬ್ಬಣದಿಂದ ಹೊಲಿಯುತ್ತಾ ಹೋಗಿ. ದಾರವನ್ನು ತೀರ ಬಿಗಿದರೆ ಸಿಂಬೆ ಬಟ್ಟಲಿನಂತೆ ಮೇಲೇಳುತ್ತದೆ. ನೆಲದ ಮೇಲಿಟ್ಟುಕೊಂಡೇ ಹೊಲಿದರೆ ಚಪ್ಪಟೆಯಾಗಿ ಉಳಿಯುತ್ತದೆ. ಐದೂವರೆ ಮೀಟರ್ ಉದ್ದದ ಪಟ್ಟಿಗಳಿಂದ ಏಳಂಗುಲದ ಎರಡು ಮೂರು ಸಿಂಬೆಗಳಾಗುತ್ತವೆ.

ಏಪ್ರನ್ನಿಗೆ ಹಳೆಯ ಅಂಗಿಯ ಬೆನ್ನು, ಪಾತ್ರೆ ಒರೆಸಲು ತೆಳು ಟವೆಲು, ಉಪ್ಪಿನಕಾಯಿ ಜಾಡಿಯ ಬಾಯಿಗೆ ಪಂಚೆಯ ಚೌಕ, ಇವುಗಳಲ್ಲಿ ವಿವರಿಸುವುದು ಹೆಚ್ಚಿಲ್ಲ. ಮಾಡಬಾರದು ಎಂದು ನಾನು ಹೇಳುವಂಥವೂ ಇವೆ. ಫ್ರಿಜ್ಜಿನ ಹಿಡಿಗೆ ಅಂಗಿ ತೊಡಿಸುವುದು ಒಂದು. ಒದ್ದೆ ಕೈ, ಹಿಟ್ಟಿನ ಕೈ ಎಲ್ಲ ಅದಕ್ಕೇ ತಾಗಿ, ತಿಂಗಳಾದರೂ ಅದನ್ನು ಯಾರೂ ಬಿಚ್ಚಿ ಒಗೆಯುವುದಿಲ್ಲ. ಗ್ಯಾಸ್ ಸಿಲಿಂಡರಿಗೆ ಲಂಗ ಹೊಲಿಯುವುದು ಇನ್ನೊಂದು. ರೆಗ್ಯುಲೇಟರ್ ಮತ್ತು ಕೊಳವೆ ಕಣ್ಣಿಗೆ ಕಾಣುತ್ತಿರಬೇಕು. ಮಿಕ್ಸಿಗೆ ಹೊದಿಕೆ ಮಾಡುವವರು ಅದು ತಣ್ಣಗಾದ ಮೇಲೆ ಹೊದಿಸಲಿ.

ಹೊಲಿದು ಮುಗಿದ ಪ್ರತಿಯೊಂದರ ಮೂಲೆಗೂ ನಾನು ಬಣ್ಣದ ದಾರದಲ್ಲಿ ಒಂದು ಗುರುತು ಹಾಕುತ್ತೇನೆ. ಆಹಾರ ಮುಟ್ಟುವುದಕ್ಕೆ ಹಸಿರು ಗೀರು, ಪಾತ್ರೆಗೆ ನೀಲಿ, ಕಟ್ಟೆಗೆ ಕೆಂಪು. ಮನೆಯಲ್ಲಿ ಎಷ್ಟು ಜನ ಅಡುಗೆಮನೆಗೆ ಬಂದು ಹೋಗುತ್ತಾರೋ ಅಷ್ಟು ಸಲ ಬಾಯಿಂದ ಹೇಳುವುದು ತಪ್ಪುತ್ತದೆ. ಒಗೆಯುವಾಗ ಕಟ್ಟೆಯ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಹಸಿರು ಗೀರಿನವನ್ನು ವಾರಕ್ಕೊಮ್ಮೆ ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ. ಬಟ್ಟೆ ಮೃದುವಾಗಲೆಂದು ಹಾಕುವ ಕಂಡೀಷನರ್ ಬೇಡ, ಅದು ಎಳೆಗಳ ಮೇಲೆ ಪದರದಂತೆ ಕುಳಿತು ನೀರು ಹೀರುವ ಗುಣವನ್ನು ಕಸಿಯುತ್ತದೆ. ಅರಿಸಿನದ ಕಲೆಗೆ ಸೋಪು ತಿಕ್ಕಿದ ಕೂಡಲೇ ಅದು ಕೆಂಪಾದುದನ್ನು ಕಂಡು ಗಾಬರಿಯಾಗಬೇಡಿ. ಸುಣ್ಣ ಸೇರಿದ ಅರಿಸಿನ ಆರತಿಯ ನೀರಿನಲ್ಲಿ ಕೆಂಪಾಗುವುದು ಯಾವ ಕಾರಣಕ್ಕೋ ಇದೂ ಅದೇ ಕಾರಣಕ್ಕೆ, ಸೋಪಿನ ಕ್ಷಾರದಿಂದ. ಸೋಪು ಹೋಗುವಂತೆ ಜಾಲಿಸಿ ಬಿಸಿಲಿಗೆ ಹಾಕಿ. ಅರಿಸಿನದ ಹಳದಿ ಬಿಸಿಲಿಗೆ ನಿಲ್ಲುವುದಿಲ್ಲ, ಎರಡು ಮೂರು ದಿನದಲ್ಲಿ ಮಾಸಿಹೋಗುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಜೀನ್ಸ್ ಪ್ಯಾಂಟಿನ ಬಟ್ಟೆ ಆದೀತೇ ಎಂದು ಒಬ್ಬರು ಕೇಳಿದರು. ಮೇಲ್ಹೊದಿಕೆಯ ಒಂದು ಬದಿಗೆ ಬಹಳ ಒಳ್ಳೆಯದು, ಎರಡೂ ಬದಿಗೆ ಹಾಕಿದರೆ ಬೆರಳು ಬಾಗುವುದಿಲ್ಲ. ಈಚಿನ ಜೀನ್ಸ್‌ಗಳಲ್ಲಿ ಎಳೆದರೆ ಹಿಗ್ಗುವ ನೂಲು ಬೆರೆತಿರುವುದು ಸಾಮಾನ್ಯವಾದ್ದರಿಂದ ಒಂದೆಳೆ ಸುಟ್ಟು ನೋಡಿಯೇ ಬಳಸಿ ಎಂದೆ. ರೇಷ್ಮೆ ಸೀರೆ ಹಾಳಾಗಿದೆ, ಅದರಿಂದ ಏನು ಮಾಡಬಹುದು ಎಂದು ಮತ್ತೊಬ್ಬರು ಕೇಳಿದರು. ಅಡುಗೆಮನೆಗೆ ಏನೂ ಇಲ್ಲ ಎಂದಾಗ ಅವರಿಗೆ ಬೇಸರವಾದಂತೆ ಕಂಡಿತು, ಆದರೆ ಜರಿಯ ಲೋಹದ ಎಳೆ ಬಿಸಿಯನ್ನು ನೇರವಾಗಿ ಕೈಗೆ ತಲುಪಿಸುತ್ತದೆ, ಕುದಿಸಿ ಒಗೆಯಲೂ ಬಾರದು.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, ತಮಗೆ ಅಂಗಿಯ ಗುಂಡಿ ಹಾಕುವುದಷ್ಟೇ ಬರುತ್ತದೆ, ತಾವೂ ಮಸಿಬಟ್ಟೆ ಹೊಲಿಯಬಹುದೇ ಎಂದು ಕೇಳಿದರು. ಗುಂಡಿ ಗಟ್ಟಿಯಾಗಿ ಹಾಕುವ ಕೈಗೆ ಇದು ಕಷ್ಟವಲ್ಲ ಎಂದು ಹೇಳಿ, ಕತ್ತರಿಸಿ ತಂದಿದ್ದ ಎರಡು ಚೌಕ, ಕುಣಿಕೆಯ ಪಟ್ಟಿ, ಸೂಜಿ ದಾರ ಕೊಟ್ಟು ಕೂರಿಸಿದೆವು. ಉಳಿದವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅವರು ತಲೆಯೆತ್ತದೆ ನಾಲ್ಕೂ ಬದಿಯನ್ನು ಹೊಲಿದು ಮುಗಿಸಿ, ಒಳಗೆ ತುಂಬಬೇಕಾಗಿದ್ದ ಟವೆಲಿನ ತುಂಡುಗಳನ್ನು ಪಕ್ಕದಲ್ಲಿ ನೋಡಿ ತಾವೇ ನಕ್ಕರು. ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ನಾಲ್ಕನೆಯ ಬದಿಯನ್ನು ಬಿಚ್ಚಲು ನನಗೆ ಅವರು ಹೊಲಿದಷ್ಟೇ ಹೊತ್ತು ಹಿಡಿಯಿತು.